ಕತ್ತರಿಸಿದ ರೈಫಲ್ಲೋ, ಹುಟ್ಟಾ ಕಾರ್ಬೈನೋ?

ಪ್ರಶ್ನೆ: ಹಳೆಯ ಸೇನಾ ಬಂದೂಕುಗಳ ಸಂಗ್ರಹ ಈಗಷ್ಟೇ ಶುರು ಮಾಡಿದ್ದೇನೆ. ವ್ಯಾಪಾರಿಯೊಬ್ಬರು ಎರಡು ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ಬಂದೂಕು, ತೋರಿಸಿದ್ದಾರೆ. ಒಂದು ಮಾರ್ಟಿನಿ–ಹೆನ್ರಿ. ಅದರ ಬಲಬದಿಯಲ್ಲಿ ಕಿರೀಟ, ‘ವಿ.ಆರ್.’, ‘ಎನ್‌ಫೀಲ್ಡ್’, 1906 ಎಂದು ಕೊರೆದಿದೆ. ಇನ್ನೊಂದು ಲೀ–ಎನ್‌ಫೀಲ್ಡ್ ‘ಜಂಗಲ್ ಕಾರ್ಬೈನ್’. ‘ಬಹಳ ಅಪರೂಪದ್ದು, ನಂಬರುಗಳೆಲ್ಲ ಒಂದೇ’ ಎನ್ನುತ್ತಾರೆ. ಇವು ಅಸಲಿಯೇ ಎಂದು ನೋಡುವುದು ಹೇಗೆ? ಕೊಂಡ ಮೇಲೆ ಉಜ್ಜಿ ಹೊಳಪು ಕೊಡಬಹುದೇ?

ಉತ್ತರ: ಮೊದಲನೆಯದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ವಿ.ಆರ್.’ ವಿಕ್ಟೋರಿಯಾ ರಾಣಿಯ ಮುದ್ರೆ. ಆಕೆ ತೀರಿಕೊಂಡದ್ದು 1901ರ ಜನವರಿ 22ರಂದು. 1906ರಲ್ಲಿ ಪಟ್ಟದಲ್ಲಿದ್ದವನು ಏಳನೆಯ ಎಡ್ವರ್ಡ್, ಅವನ ಮುದ್ರೆ ‘ಇ.ಆರ್.’. ಎನ್‌ಫೀಲ್ಡ್‌ನ ಸರ್ಕಾರಿ ಕಾರ್ಖಾನೆ ಸತ್ತ ರಾಣಿಯ ಹೆಸರು ಕೊರೆದು ಬಂದೂಕು ಹೊರಗೆ ಕಳಿಸುತ್ತಿರಲಿಲ್ಲ. ನಿಮಗೆ ತೋರಿಸಿರುವುದು ಹೆಚ್ಚುಕಮ್ಮಿ ಖಂಡಿತವಾಗಿ ಖೈಬರ್ ಕಣಿವೆಯ ಆಸುಪಾಸಿನಲ್ಲಿ, ದಾರ್ರಾ ಆದಮ್ ಖೇಲ್‌ನಂಥ ಊರುಗಳ ಕಮ್ಮಟಗಳಲ್ಲಿ, ಕೈಯಿಂದ ಮಾಡಿದ ನಕಲು. ಅದಕ್ಕೂ ಅದರದೇ ಬೆಲೆಯಿದೆ, ಅದನ್ನೇ ಹುಡುಕಿ ಸಂಗ್ರಹಿಸುವವರೂ ಇದ್ದಾರೆ. ಆದರೆ ಆ ಬೆಲೆ ಬೇರೆ, ಅಸಲಿ ಅಶ್ವದಳದ ಕಾರ್ಬೈನಿನ ಬೆಲೆ ಬೇರೆ.

ಎರಡನೆಯದು ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಅದನ್ನು ನೋಡುವ ಮೊದಲು ಕಾರ್ಬೈನುಗಳಲ್ಲೇ ಮೋಸ ಯಾಕೆ ಹೆಚ್ಚು ಎಂಬುದು ಗೊತ್ತಿರಬೇಕು. ಕುದುರೆ ಸವಾರರಿಗೆ, ಫಿರಂಗಿ ದಳದವರಿಗೆ ಉದ್ದದ ರೈಫಲ್ ಅಡಚಣೆ. ಅವರಿಗಾಗಿ ಗಿಡ್ಡ ನಳಿಗೆಯದನ್ನು ಮಾಡಿದರು. ಕಾಲಾಳುಗಳ ರೈಫಲ್‌ಗೆ ಹೋಲಿಸಿದರೆ ಬಹುತೇಕ ಮಾದರಿಗಳಲ್ಲಿ ಕಾರ್ಬೈನುಗಳ ಸಂಖ್ಯೆ ತೀರ ಕಡಿಮೆ, ಹಾಗಾಗಿ ಬೆಲೆ ಜಾಸ್ತಿ. ಇನ್ನೊಂದು ಕಡೆ, ಉದ್ದದ್ದನ್ನು ಗಿಡ್ಡ ಮಾಡಲು ಒಂದು ಗರಗಸ, ಒಂದು ಅರ, ಅರ್ಧ ದಿನದ ಬಿಡುವು ಸಾಕು. ಅಕ್ಷರ ಹೊಡೆಯುವ ಮೊಳೆಗಳೂ ಸಿಗುತ್ತವೆ. ಮುದ್ರೆಯನ್ನು ಯಾರು ಬೇಕಾದರೂ ಸೇರಿಸಬಹುದು. ಕಾರ್ಖಾನೆ ಎಲ್ಲಿ ಉಕ್ಕು ಬಿಟ್ಟಿತ್ತು, ಎಲ್ಲಿ ತೆಗೆದಿತ್ತು ಎಂಬುದನ್ನು ಬದಲಿಸುವುದು ಮಾತ್ರ ಕಷ್ಟ. ಅದಕ್ಕೇ ಮುದ್ರೆಯನ್ನು ಕೊನೆಗೆ ಓದಿ, ಲೋಹ ಮತ್ತು ಮರವನ್ನು ಮೊದಲು ಓದಿ.

ಅದಕ್ಕೂ ಮೊದಲು ಬಂದೂಕು ಖಾಲಿ ಇದೆಯೇ ನೋಡಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳು ಒಳಗೆ ಮದ್ದು ಗುಂಡು ಇರುವಂತೆಯೇ ದಶಕಗಟ್ಟಲೆ ಗೋಡೆಯ ಮೇಲೆ ತೂಗಿದ್ದುಂಟು, ಕರಿಮದ್ದು ಒಣಗಿದ್ದರೆ ಇವತ್ತಿಗೂ ಹೊತ್ತಿಕೊಳ್ಳುತ್ತದೆ. ಮರದ ಉದ್ದ ಕಡ್ಡಿಯೊಂದನ್ನು ಬಾಯಿಯಿಂದ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಿರಿ. ಕಡ್ಡಿಯ ತುದಿ, ಕಿಡಿ ಹೊತ್ತಿಸುವ ಕೇಪು ಕೂರುವ ಜಾಗದ ಹತ್ತಿರಕ್ಕೆ ಬರಬೇಕು. ಎರಡು ಬೆರಳಗಲ ಮುಂದೆಯೇ ನಿಂತರೆ ಒಳಗೇನೋ ಇದೆ ಎಂದರ್ಥ, ಆಗ ಅದನ್ನು ತಿಳಿದ ಗನ್‌ಸ್ಮಿತ್ ಕೈಗೆ ಕೊಡಿ, ನೀವು ಕೆದಕಬೇಡಿ. ಮಾರ್ಟಿನಿಯಲ್ಲಾದರೆ ಕೆಳಗಿನ ಲಿವರ್ ಇಳಿಸಿದರೆ ಬ್ಲಾಕ್ ಕೆಳಗಿಳಿದು ಗುಂಡು ಕೂರುವ ಕೋಣೆ ಕಾಣುತ್ತದೆ. ಬಲಬದಿಯ ಹನಿಯಾಕಾರದ ಸೂಚಕ, ಗುಂಡಿನ ತಳಕ್ಕೆ ಬಡಿಯುವ ಒಳಗಿನ ಸ್ಟ್ರೈಕರ್ ಎಳೆದಿದೆಯೋ ಬಿಟ್ಟಿದೆಯೋ ಎಂದು ತೋರಿಸುತ್ತದೆ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ಹತ್ತು ಪಟ್ಟಿನ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್, ಸಣ್ಣ ಟಾರ್ಚ್, ಅಳತೆಗೆ ಮರದ ಕಡ್ಡಿ, ಅಲ್ಟ್ರಾವಯೊಲೆಟ್ ಟಾರ್ಚ್ ಇದ್ದರೆ ಆಯಿತು. ಬಿಚ್ಚಲು ಒಪ್ಪಿಗೆ ಸಿಕ್ಕರೆ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇರಲಿ. ಸಾಮಾನ್ಯ ಸ್ಕ್ರೂಡ್ರೈವರ್ ತುದಿಯತ್ತ ತೆಳುವಾಗುತ್ತ ಹೋಗುವುದರಿಂದ ಸೀಳಿನ ಮೇಲಂಚಿಗಷ್ಟೇ ತಾಗಿ ಅದನ್ನು ಹರಿದುಹಾಕುತ್ತದೆ. ಹರಿದ ಸ್ಕ್ರೂ ತಲೆಗಳು ಹಿಂದೆ ಯಾರೋ ಅವಸರದಲ್ಲಿ ಬಿಚ್ಚಿದ್ದಕ್ಕೆ ಸಾಕ್ಷಿ, ಏನನ್ನು ಬದಲಿಸಲು ಬಿಚ್ಚಿದರು ಎಂದು ಕೇಳಿಕೊಳ್ಳಬೇಕಾದದ್ದು ಅಲ್ಲಿಯೇ.

ಕತ್ತರಿಸಿದ ನಳಿಗೆಯನ್ನು ಹಿಡಿಯುವ ವಿದ್ಯೆ ಕಲಿಯಲು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1873 ‘ಟ್ರ್ಯಾಪ್‌ಡೋರ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ರೈಫಲ್ ನಳಿಗೆ ಸುಮಾರು 32.6 ಇಂಚು, ಕಾರ್ಬೈನಿನದು 22 ಇಂಚು. 1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಸ್ಟರನ ಏಳನೆಯ ಅಶ್ವದಳದ ಕೈಯಲ್ಲಿದ್ದದ್ದು ಈ ಕಾರ್ಬೈನೇ. ಹಾಗಾಗಿ ಸುಮಾರು 43,700ಕ್ಕಿಂತ ಕಡಿಮೆ ನಂಬರಿನ, ಅಂದರೆ ಆ ಕದನಕ್ಕೆ ಮೊದಲು ತಯಾರಾಗಿರಬಹುದಾದ ಕಾರ್ಬೈನುಗಳಿಗೆ ಬೆಲೆ ಏರುತ್ತದೆ, ಏರಿದಲ್ಲಿ ಗರಗಸವೂ ಬರುತ್ತದೆ. ಮೂರು ಜಾಗ ನೋಡಬೇಕು. ರೈಫಲ್ ನಳಿಗೆ ಹಿಂದಿನಿಂದ ಬಾಯಿಯತ್ತ ಕ್ರಮೇಣ ಸಪೂರವಾಗುತ್ತ ಹೋಗುತ್ತದೆ. ಅದನ್ನು ಮಧ್ಯದಲ್ಲಿ ಕೊಯ್ದರೆ ಹೊಸ ಬಾಯಿ ಅಸಲಿ ಕಾರ್ಬೈನಿನ ಬಾಯಿಗಿಂತ ದಪ್ಪ. ಕ್ಯಾಲಿಪರ್ ಹಿಡಿದು, ಖಾತ್ರಿಯಿರುವ ಇನ್ನೊಂದು ಕಾರ್ಬೈನಿನ ಅಳತೆಗೆ ಹೋಲಿಸಿದರೆ ಕಣ್ಣಿಗೆ ಕಾಣದ್ದು ಅಂಕಿಯಲ್ಲಿ ಕಾಣುತ್ತದೆ. ಎರಡನೆಯದು ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ನೋಡುವ ಮೊನೆ. ಕೊಯ್ದಾಗ ಅದು ತುಂಡಿನ ಜೊತೆಗೇ ಹೋಗುವುದರಿಂದ ಬೇರೊಂದನ್ನು ಬೆಸೆಯಲೇಬೇಕು. ಬೆಸುಗೆಯ ಸುತ್ತ ಲೋಹದ ಬಣ್ಣ ಬೇರೆಯಾಗಿ, ಸೈಟ್ ಕೂದಲೆಳೆಯಷ್ಟು ವಾಲಿ ಕೂತಿರುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ನಂಬಿಕೆಯದು: ಮರ. ರೈಫಲ್‌ಗೆ ನಳಿಗೆಯ ಕೆಳಗೆ ಅದನ್ನು ಒರೆಸುವ ಉಕ್ಕಿನ ಸಲಾಕೆ ಇರುತ್ತಿತ್ತು, ಕಾರ್ಬೈನಿಗೆ ಅದು ಇಲ್ಲ. ರೈಫಲ್‌ನ ಮರವನ್ನು ಮೊಟಕುಗೊಳಿಸಿದವನು ಸಲಾಕೆ ಕೂರುತ್ತಿದ್ದ ತೋಡನ್ನು ಮರದ ಪಟ್ಟಿಯಿಂದ ಮುಚ್ಚಬೇಕು. ನಳಿಗೆ ತೆಗೆದು ಮರದ ಒಳಗನ್ನು ನೋಡಿದರೆ, ಅಥವಾ ಮುಂತುದಿಗೆ ಟಾರ್ಚನ್ನು ಓರೆಯಾಗಿ ಹಿಡಿದರೆ, ಗೆರೆ ಎದ್ದು ಕಾಣುತ್ತದೆ. ಈಚಿನ ಅಂಟಾದರೆ ಅಲ್ಟ್ರಾವಯೊಲೆಟ್ ಬೆಳಕಿಗೆ ಅದು ನೀಲಿಯಾಗಿಯೋ ಬಿಳಿಯಾಗಿಯೋ ಮಿನುಗುವುದು ಹೆಚ್ಚು. ಇವೆಲ್ಲ ದಾಟಿದ ಮೇಲಷ್ಟೇ ನಂಬರಿನ ಅಂಕಿಗಳನ್ನು ನೋಡಬೇಕು.

ಇದೇ ಕಣ್ಣಿನಿಂದ ಮಾರ್ಟಿನಿಗೆ ಬನ್ನಿ. ಬ್ರಿಟಿಷ್ ಸೇನೆ ಇದನ್ನು ಒಪ್ಪಿಕೊಂಡದ್ದು 1871ರಲ್ಲಿ. ಹಾಗಾಗಿ 1862, 1865 ಎಂದು ಬರೆದಿರುವ ಮಾರ್ಟಿನಿಗಳು ಹುಟ್ಟುವ ಮೊದಲೇ ಹೆಸರಿಟ್ಟುಕೊಂಡವು. ನಾಲ್ಕು ಮಾರ್ಕುಗಳಲ್ಲಿ, ಅಂದರೆ ಆವೃತ್ತಿಗಳಲ್ಲಿ, ಎರಡನೆಯದು 1877ರದು, ಮೂರನೆಯದು 1879ರದು, ನಾಲ್ಕನೆಯದು 1880ರ ದಶಕದ ಉತ್ತರಾರ್ಧದ್ದು. ವರ್ಷಕ್ಕೂ ಮಾರ್ಕಿಗೂ ತಾಳೆಯಾಗಬೇಕು. ಅಶ್ವದಳದ ಕಾರ್ಬೈನಿನ ಮೇಲೆ ‘ಐ.ಸಿ.1’ ಎಂದು, ಫಿರಂಗಿ ದಳದ್ದರ ಮೇಲೆ ‘ಎ.ಸಿ.’ ಎಂದು ಇರುತ್ತದೆ. ರೈಫಲ್ ನಳಿಗೆ 33 ಇಂಚಿಗಿಂತ ತುಸು ಹೆಚ್ಚು, ಕಾರ್ಬೈನಿನದು 21 ಇಂಚಿಗಿಂತ ತುಸು ಹೆಚ್ಚು. ಒಳಗೆ ಅಲೆಕ್ಸಾಂಡರ್ ಹೆನ್ರಿಯ ಏಳು ತೋಡುಗಳ ರೈಫಲಿಂಗ್, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಕೊರೆತ, 22 ಇಂಚಿಗೆ ಒಂದು ಸುತ್ತು. ಖೈಬರ್ ಕಡೆಯ ನಕಲಿನಲ್ಲಿ ತೋಡುಗಳ ಎಣಿಕೆಯೇ ತಪ್ಪಿರಬಹುದು, ಒಂದು ಆಳ ಒಂದು ತೆಳು ಇರಬಹುದು. ಅಕ್ಷರಗಳ ಸಾಲು ಡೊಂಕು, ಇಂಗ್ಲಿಷಿನ ‘ಎನ್’ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಿರೀಟದ ರೇಖೆಗಳು ಕಲಸಿಹೋಗಿರುತ್ತವೆ. ಓದು ಬಾರದ ಕಮ್ಮಾರ ಕಂಡದ್ದನ್ನು ಚಿತ್ರದಂತೆ ನಕಲು ಮಾಡಿದ್ದರಿಂದ ಹೀಗಾಗುತ್ತದೆ. ಅವನ ಕೈಚಳಕ ಕೆಲವೊಮ್ಮೆ ದಂಗುಬಡಿಸುವಂಥದ್ದು. ಆದರೆ ಉಕ್ಕು ಯಾವುದೋ, ಹದ ಎಂಥದೋ ಯಾರಿಗೂ ಗೊತ್ತಿಲ್ಲ, ಅದರಲ್ಲಿ ಗುಂಡು ಹಾರಿಸುವ ಮಾತೇ ಬೇಡ.

ಇಲ್ಲಿ ಒಂದು ಎಚ್ಚರ. ಕೊಯ್ದದ್ದೆಲ್ಲ ಕಳ್ಳಮಾಲಲ್ಲ. ಹಳೆಯ ಮಾರ್ಟಿನಿ ರೈಫಲ್‌ಗಳಲ್ಲಿ ಕೆಲವನ್ನು ಬ್ರಿಟಿಷ್ ಸೇನೆಯೇ ಆರ್ಟಿಲರಿ ಕಾರ್ಬೈನುಗಳಾಗಿ ಪರಿವರ್ತಿಸಿತ್ತು. ಅದಕ್ಕೂ ಹಿಂದೆ, 1866ರಿಂದ, ಬಾಯಿಯಿಂದ ತುಂಬುವ 1853ರ ಎನ್‌ಫೀಲ್ಡ್‌ಗಳ ಹಿಂಬದಿ ಕತ್ತರಿಸಿ ಹಿಂದಿನಿಂದ ಗುಂಡು ತುಂಬುವ ಸ್ನೈಡರ್ ಬ್ರೀಚ್ ಕೂರಿಸಿದ್ದರು. ಇಂಥ ಸರ್ಕಾರಿ ಕೆಲಸದಲ್ಲಿ ಹಳೆಯ ಮುದ್ರೆಯ ಪಕ್ಕದಲ್ಲಿ ಹೊಸ ಮುದ್ರೆ, ಹೊಸ ಮಾರ್ಕಿನ ಅಂಕಿ, ಮತ್ತೆ ಪರೀಕ್ಷಿಸಿದ ಗುರುತು ಎಲ್ಲವೂ ಕ್ರಮವಾಗಿರುತ್ತವೆ. ಸರ್ಕಾರ ಏನೇ ಮಾಡಲಿ, ಮೊಹರು ಒತ್ತದೆ ಬಿಡುವುದಿಲ್ಲ.

ಈಗ ನಿಮ್ಮ ಜಂಗಲ್ ಕಾರ್ಬೈನ್. ಅದರ ಸೇನಾ ಹೆಸರು ರೈಫಲ್ ನಂ. 5 ಮಾರ್ಕ್ 1. ತಯಾರಾದದ್ದು 1944ರಿಂದ 1947ರವರೆಗೆ, ಇಂಗ್ಲೆಂಡಿನ ಎರಡೇ ಕಾರ್ಖಾನೆಗಳಲ್ಲಿ: ಫಝಾಕರ್ಲಿಯ ಸರ್ಕಾರಿ ಕಾರ್ಖಾನೆ ಮತ್ತು ಬಿಎಸ್ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಂಪನಿಯ ಶರ್ಲಿ ಘಟಕ. ಒಟ್ಟು ಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. ಅಂದರೆ ‘ಬಹಳ ಅಪರೂಪ’ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಚೆನ್ನಾಗಿ ಉಳಿದಿರುವುದು ಕಡಿಮೆ ಎಂದರೆ ಒಪ್ಪೋಣ. ಮೇಲಾಗಿ ಯುದ್ಧಾನಂತರ ಅಮೆರಿಕದಲ್ಲಿ ಸಾಮಾನ್ಯ ಉದ್ದದ ಲೀ–ಎನ್‌ಫೀಲ್ಡ್‌ಗಳಾದ ನಂ. 4, ನಂ. 1 ರೈಫಲ್‌ಗಳನ್ನು ಗಿಡ್ಡ ಮಾಡಿ, ಬಾಯಿಗೆ ಗುಂಡು ಹಾರಿದಾಗಿನ ಬೆಳಕನ್ನು ಮರೆಮಾಡುವ ಶಂಕುವಿನಾಕಾರದ ಫ್ಲ್ಯಾಶ್ ಹೈಡರ್ ಸಿಕ್ಕಿಸಿ, ‘ಜಂಗಲ್ ಕಾರ್ಬೈನ್’ ಎಂದೇ ಬೇಟೆಗಾರರಿಗೆ ಮಾರಿದ್ದರು. ಆಗ ಅದು ಮೋಸವೇನಲ್ಲ, ಸರಕಿನ ಹೆಸರಷ್ಟೇ. ನಾಲ್ಕು ಕೈ ಬದಲಾದ ಮೇಲೆ ಅದೇ ವಸ್ತು ಸೇನೆಯದೆಂದು ಮಾರಾಟಕ್ಕೆ ಬರುತ್ತದೆ.

ಅಸಲಿ ನಂ. 5ರಲ್ಲಿ ತೂಕ ಇಳಿಸುವುದೇ ಗುರಿಯಾಗಿತ್ತು, ಸುಮಾರು 9 ಪೌಂಡಿನ ನಂ. 4ರಿಂದ 7 ಪೌಂಡಿನ ಹತ್ತಿರಕ್ಕೆ. ಎಲ್ಲೆಲ್ಲಿ ಉಕ್ಕು ಕೆರೆದು ತೆಗೆದರು ಎಂಬುದೇ ಅದರ ಜಾತಕ. ಹಿಂದಿನ ಸೈಟಿನ ಮುಂದಿರುವ ಮೇಲಿನ ಮರದ ಹೊದಿಕೆ ಎತ್ತಿ ನೋಡಿ. ನಳಿಗೆಯ ಬುಡದಲ್ಲಿ, ಕೋಣೆಯ ಸುತ್ತಲಿನ ದಪ್ಪ ಭಾಗದಲ್ಲಿ, ಯಂತ್ರದಿಂದ ಕೊರೆದ ತಗ್ಗುಗಳು ಇರಬೇಕು. ನಂ. 4ರ ನಳಿಗೆಯಲ್ಲಿ ಅದು ಗಟ್ಟಿ ದಿಂಡು. ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಾದ ರಿಸೀವರ್‌ನ ಪಕ್ಕಗಳಲ್ಲೂ ಹಾಗೆ ಲೋಹ ಕೆರೆದಿರುತ್ತದೆ. ಬೋಲ್ಟಿನ ಗುಂಡು ಹಿಡಿಕೆಯ ತುದಿಯಲ್ಲಿ ತೂತು ಕೊರೆದಿರುತ್ತದೆ. ಮರದ ಹೊದಿಕೆಯಡಿಯ ತಗ್ಗುಗಳನ್ನು ಆಮೇಲೆ ಕೊರೆಯಲು ಬರುವುದಿಲ್ಲ ಎಂದೇನಲ್ಲ, ಆದರೆ ಅಷ್ಟು ಶ್ರಮಪಟ್ಟು ನಕಲು ಮಾಡುವುದಕ್ಕೆ ಲಾಭ ಸಾಲುವುದಿಲ್ಲ. ಹಾಗಾಗಿ ಇಲ್ಲೇ ತೀರ್ಮಾನವಾಗುತ್ತದೆ.

ಉಳಿದವು ಪೋಷಕ ಸಾಕ್ಷ್ಯ. ರಿಸೀವರ್‌ನ ಎಡಗೋಡೆಯ ಮೇಲೆ ‘ನಂ. 5 ಎಂಕೆ 1’ ಎಂದು, ಜೊತೆಗೆ ‘ಆರ್‌ಒಎಫ್(ಎಫ್)’ ಅಥವಾ ಬಿಎಸ್ಎಯ ಗುಪ್ತಸಂಕೇತ ‘ಎಂ47ಸಿ’ ಎಂದು, ವಿದ್ಯುತ್ ಲೇಖನಿಯಲ್ಲಿ ಗೀಚಿದಂತಿರುತ್ತದೆ. ಅಕ್ಷರ ಸುಂದರವಾಗಿಲ್ಲ ಎಂದು ಅನುಮಾನಿಸಬೇಡಿ, ಅಸಲಿಯೇ ಹಾಗೆ. ಬಣ್ಣ ಬಳಿದು ಮುಚ್ಚಿಹೋಗಿರುವುದೂ ಉಂಟು. ಫ್ಲ್ಯಾಶ್ ಹೈಡರನ್ನು ಅಡ್ಡ ಪಿನ್ನು ಹೊಡೆದು ಕೂರಿಸಿರುತ್ತಾರೆ. ಅಲ್ಲಿ ಆರು ಮೂಲೆಯ ತೂತಿನ ಸಣ್ಣ ಅಲೆನ್ ಸ್ಕ್ರೂ ಕಂಡರೆ ಅದು ಈಚಿನ ಕೆಲಸ. ಹಿಂದಿನ ಸೈಟಿನ ಏಣಿಯಲ್ಲಿ ಗರಿಷ್ಠ ಅಂಕಿ 800 ಗಜ. 1300 ಇದ್ದರೆ ಅದು ನಂ. 4ರ ಸೈಟ್. ಆದರೆ ಸೈಟ್ ಬದಲಿಸಲು ಒಂದು ಪಿನ್ ತೆಗೆದರಾಯಿತು, ಅದನ್ನೊಂದನ್ನೇ ನೆಚ್ಚಿ ಹೌದು ಎನ್ನಬೇಡಿ, ಅಲ್ಲ ಎನ್ನಲೂಬೇಡಿ.

‘ನಂಬರುಗಳೆಲ್ಲ ಒಂದೇ’ ಎಂಬ ಮಾತಿಗೆ ಬಂದರೆ, ಅದು ಯಾವ ದೇಶದ ಯಾವ ಬಂದೂಕು ಎಂಬುದರ ಮೇಲೆ ಹೋಗುತ್ತದೆ. ಎರಡನೆಯ ಮಹಾಯುದ್ಧದ ಜರ್ಮನ್ ರೈಫಲ್ ಕಾರ್ 98ಕೆಯಲ್ಲಿ ಸಣ್ಣಪುಟ್ಟ ಭಾಗಗಳ ಮೇಲೂ ನಂಬರಿನ ಕೊನೆಯ ಎರಡಂಕಿ ಹೊಡೆದಿರುತ್ತಿದ್ದರು. ಅಲ್ಲಿ ಎಲ್ಲವೂ ತಾಳೆಯಾದರೆ ಬೆಲೆ ನಿಜಕ್ಕೂ ಏರುತ್ತದೆ, ಆದ್ದರಿಂದಲೇ ಹಳೆಯ ಅಂಕಿ ಅರೆದು ಹೊಸದು ಹೊಡೆಯುವವರೂ ಅಲ್ಲೇ ಹೆಚ್ಚು. ಸೋವಿಯತ್ ಪಡೆಗಳು ವಶಪಡಿಸಿಕೊಂಡು ದುರಸ್ತಿ ಮಾಡಿದವುಗಳಲ್ಲಿ ಬೇರೆ ಬೇರೆ ಬಂದೂಕಿನ ಭಾಗಗಳು ಸೇರಿ, ಹೊಸ ನಂಬರನ್ನು ಲೇಖನಿಯಲ್ಲಿ ಗೀಚಿರುತ್ತಾರೆ, ರಿಸೀವರ್ ಮೇಲೆ ಸಾಮಾನ್ಯವಾಗಿ ‘ಎಕ್ಸ್’ ಗುರುತಿರುತ್ತದೆ. ಅದಕ್ಕೆ ವಿರುದ್ಧವಾಗಿ ಅಮೆರಿಕದ ಎಂ1 ಕಾರ್ಬೈನ್. 60 ಲಕ್ಷಕ್ಕೂ ಹೆಚ್ಚು ತಯಾರಾದ ಇದರಲ್ಲಿ ರಿಸೀವರ್ ಬಿಟ್ಟರೆ ಉಳಿದ ಭಾಗಗಳ ಮೇಲೆ ಬಂದೂಕಿನ ನಂಬರೇ ಇಲ್ಲ, ತಯಾರಕರ ಸಂಕೇತವಷ್ಟೇ. ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್, ಹಾಡಿನ ಪೆಟ್ಟಿಗೆ ಮಾಡುತ್ತಿದ್ದ ರಾಕ್–ಓಲಾ, ಐಬಿಎಂ ಎಲ್ಲರೂ ಇದನ್ನು ತಯಾರಿಸಿದ್ದರು. ಯುದ್ಧ ಮುಗಿದ ಮೇಲೆ ಬಹುತೇಕ ಎಲ್ಲವನ್ನೂ ಬಿಚ್ಚಿ, ಬಯೊನೆಟ್ ಸಿಕ್ಕಿಸುವ ಕಿವಿ ಮತ್ತು ಹೊಂದಿಸಬಹುದಾದ ಸೈಟ್ ಹಾಕಿ, ಸಿಕ್ಕ ಭಾಗ ಸೇರಿಸಿ ಮತ್ತೆ ಜೋಡಿಸಿದರು. ಹೀಗಾಗಿ ಎಲ್ಲ ಭಾಗವೂ ಒಂದೇ ತಯಾರಕರದ್ದಾಗಿರುವ ಎಂ1 ಕಾರ್ಬೈನ್ ಕಂಡರೆ ಅದು ಸಂಗ್ರಾಹಕನೊಬ್ಬ ಕೂತು ಹೊಂದಿಸಿದ್ದೇ ಇರಬೇಕೆಂದು ಊಹಿಸಿಕೊಳ್ಳುವುದು ಕ್ಷೇಮ.

ಅಂಕಿ ಹೊಸದೋ ಹಳೆಯದೋ ಎಂದು ತಿಳಿಯಲು ಟಾರ್ಚನ್ನು ಲೋಹಕ್ಕೆ ಸಮಾನಾಂತರವಾಗಿ ಮಲಗಿಸಿ ಹಿಡಿದು, ಭೂತಗನ್ನಡಿಯಲ್ಲಿ ಅಂಕಿಯ ಸುತ್ತಲನ್ನು ನೋಡಿ. ಹಳೆಯ ಮುದ್ರೆಯ ಮೇಲೆ ತುಕ್ಕು ಬಿದ್ದರೆ ಗುಳಿಗಳು ಅಕ್ಷರದ ಅಂಚನ್ನು ತಿಂದಿರುತ್ತವೆ. ತುಕ್ಕಿನ ಗುಳಿಗಳ ನಡುವೆ ಅಕ್ಷರದ ಅಂಚು ಮಾತ್ರ ಹರಿತವಾಗಿದ್ದರೆ, ಗುಳಿ ಮೊದಲು ಬಂದಿದೆ, ಅಕ್ಷರ ಆಮೇಲೆ ಬಂದಿದೆ. ಅಂಕಿಯಿರುವ ಜಾಗ ಸುತ್ತಲಿಗಿಂತ ತಗ್ಗಾಗಿದ್ದರೆ ಹಳೆಯದನ್ನು ಅರೆದಿದ್ದಾರೆ. ಉಕ್ಕಿನ ಅಳತೆಪಟ್ಟಿಯ ಅಂಚು ಇಟ್ಟು ಹಿಂದಿನಿಂದ ಬೆಳಕು ಬಿಟ್ಟರೆ ಸಂದು ಕಾಣುತ್ತದೆ. ಇಡೀ ಬಂದೂಕಿಗೆ ಮರಳಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕಪ್ಪು–ನೀಲಿ ಬಣ್ಣ ಬರಿಸುವ ಕೆಲಸ, ಮಾಡಿದ್ದರೆ ಮೂಲೆಗಳು ಮೊಂಡಾಗಿ, ಸ್ಕ್ರೂ ತೂತುಗಳ ಅಂಚು ತಟ್ಟೆಯಂತೆ ಒಳಗಿಳಿದು, ಅಕ್ಷರಗಳು ಒಂದೇ ದಿಕ್ಕಿಗೆ ಸವೆದಿರುತ್ತವೆ. ಪಾಲಿಷ್ ಚಕ್ರ ಅಂಚುಗಳನ್ನು ಉಳಿಸುವುದಿಲ್ಲ.

ಮರದಲ್ಲಿ ಒಂದೇ ಪರೀಕ್ಷೆ ಮಾಡಲು ಪುರಸೊತ್ತಿದ್ದರೆ ಇದನ್ನು ಮಾಡಿ: ಬೆರಳನ್ನು ಮರದಿಂದ ಲೋಹದ ಕಡೆಗೆ ಜಾರಿಸಿ. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ. ಮರವೇ ತಗ್ಗಿನಲ್ಲಿದ್ದರೆ ಮರಳುಕಾಗದ ಹಾಕಿ ಉಜ್ಜಿದ್ದಾರೆ, ಅದರೊಂದಿಗೆ ಪರೀಕ್ಷಕರ ಮುದ್ರೆಗಳೂ ಹೋಗಿರುತ್ತವೆ. ಉಜ್ಜಿದ ಮರದ ಮೇಲೆ ಚೊಕ್ಕವಾದ ಆಳದ ಮುದ್ರೆ ಕಂಡರೆ ಅದು ಮರುದಿನ ಒತ್ತಿದ್ದು. ಬಂದೂಕು ದುರಸ್ತಿ ಮಾಡುವ ಸೇನಾ ಆರ್ಮರರ್‌ಗಳು ಹಾಕಿದ ಮರದ ತೇಪೆಗಳಿಂದ ಬೆಲೆ ಹೆಚ್ಚು ಇಳಿಯುವುದಿಲ್ಲ. ಎಳೆ ಹೊಂದಿಸಿ, ಸಂದು ಕಾಣದಂತೆ ಕೂರಿಸಿರುತ್ತಾರೆ. ಎರಡನೆಯ ಮಹಾಯುದ್ಧದ ಬಂದೂಕುಗಳಲ್ಲಿ, ಮರವನ್ನು ನಳಿಗೆಗೆ ಬಿಗಿಯುವ ಮುಂದಿನ ಲೋಹದ ಪಟ್ಟಿಯಡಿ, ಅಡ್ಡಲಾಗಿ ಕೊಯ್ದ ಗೆರೆ ಕಾಣಬಹುದು. ಅಮೆರಿಕನ್ ಸೈನಿಕರು ತಮ್ಮ ಚೀಲಕ್ಕೆ ಹಿಡಿಸಲು ಹಾಗೆ ಕತ್ತರಿಸಿ ಮನೆಗೆ ತಂದ ಗುರುತು ಅದು. ಮರ ಹಾಳು, ಆದರೆ ಬಂದೂಕಿನ ದಾರಿ ಸಾಚಾ.

ಮುಂದೆಂದಾದರೂ ನಂ. 4 (ಟಿ) ಸ್ನೈಪರ್ ರೈಫಲ್ ಎದುರಾದರೆ ಕೈ ಬಿಗಿ ಹಿಡಿಯಿರಿ. ಬಹುಪಾಲನ್ನು ಪರಿವರ್ತಿಸಿದ್ದು ಹಾಲೆಂಡ್ ಅಂಡ್ ಹಾಲೆಂಡ್. ಅವರ ಸಂಕೇತ ‘ಎಸ್51’ ಬಟ್‌ನ (ಹೆಗಲಿಗೆ ಆನಿಸುವ ಮರದ ಹಿಂಭಾಗ) ಕುತ್ತಿಗೆಯ ಅಡಿಭಾಗದಲ್ಲಿ, ‘ಟಿ’ ರಿಸೀವರ್‌ನ ಎಡಗೋಡೆಯಲ್ಲಿ, ‘ಟಿಆರ್’ ಬಟ್ ಸೇರುವ ಲೋಹದ ಸಾಕೆಟ್ಟಿನಲ್ಲಿ ಇರುತ್ತದೆ. ನಂ. 32 ದುರ್ಬೀನಿನ ನಂಬರನ್ನು ಮರದ ಕುತ್ತಿಗೆಯ ಮೇಲೂ, ರೈಫಲ್ ನಂಬರನ್ನು ದುರ್ಬೀನಿನ ಬ್ರಾಕೆಟ್ ಮೇಲೂ ಹೊಡೆದಿರುತ್ತಾರೆ. ಬಟ್ ಬದಲಾದಾಗ ಮೊದಲನೆಯ ತಾಳೆ ತಪ್ಪುವುದು ಸಹಜ. ಇಲ್ಲಿ ಎಲ್ಲ ಗುರುತೂ ಇದ್ದು, ದುರ್ಬೀನು ಕೂರುವ ಪ್ಯಾಡ್‌ಗಳ ಸ್ಕ್ರೂ ತಲೆಗಳು ಹೊಚ್ಚ ಹೊಸದಾಗಿ ಮಿರುಗುತ್ತಿದ್ದರೆ ಹಣ ತೆಗೆಯಬೇಡಿ.

ಇತಿಹಾಸ ಹೇಳುವ ಕಾಗದಪತ್ರ ಇದ್ದರೆ ಅದರಲ್ಲಿ ಬಂದೂಕಿನ ನಂಬರಿರಬೇಕು. ನಂಬರಿಲ್ಲದ ಪತ್ರ ಯಾವ ಬಂದೂಕಿಗೂ ಹೊಂದುತ್ತದೆ. ಬಟ್ ಮೇಲಿನ ಹಿತ್ತಾಳೆ ಬಿಲ್ಲೆಯ ರೆಜಿಮೆಂಟ್ ಗುರುತೂ ಒಂದೇ ಸ್ಕ್ರೂವಿನಲ್ಲಿ ಬದಲಾಗುವಂಥದ್ದು. ಬಿಲ್ಲೆಯ ಅಂಚಿನಲ್ಲಿ ಶತಮಾನದ ಎಣ್ಣೆಜಿಡ್ಡು ಒಡೆಯದೆ ಕೂತಿದೆಯೇ ನೋಡಿ. ಬ್ರಿಟಿಷ್ ಮಾದರಿಗಳ ಹೋಲಿಕೆಗೆ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹಕ್ಕಿಂತ ದೊಡ್ಡ ಆಧಾರ ಇಲ್ಲ. ಮಾದರಿ ಬಂದೂಕುಗಳನ್ನು ಇಡುತ್ತಿದ್ದ ಸೇನೆಯ ಹಳೆಯ ‘ಪ್ಯಾಟರ್ನ್ ರೂಮ್’ನ ಸಂಗ್ರಹವೂ ಈಗ ಅಲ್ಲಿದೆ. ಇನ್ನು ಕಾನೂನು: ‘ಆಂಟಿಕ್’ ಯಾವುದು ಎಂಬ ಗೆರೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕೇಂದ್ರ (ಫೆಡರಲ್) ಕಾನೂನಿನಲ್ಲಿ 1898 ಅಥವಾ ಅದಕ್ಕೂ ಹಿಂದೆ ತಯಾರಾದದ್ದು. ಆ ಲೆಕ್ಕದಲ್ಲಿ ಅಸಲಿ ಮಾರ್ಟಿನಿ ಆಂಟಿಕ್, ಜಂಗಲ್ ಕಾರ್ಬೈನ್ ಪೂರ್ಣ ಬಂದೂಕು. ನೀವಿರುವಲ್ಲಿ ಪರವಾನಗಿಯ ನಿಯಮ ಏನೆಂದು ಹಣ ಕೊಡುವ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ.

ಹೊಳಪಿನ ಪ್ರಶ್ನೆಗೆ ಒಂದೇ ಮಾತು: ಬೇಡ. ಕಂದು–ಕಪ್ಪು ಬಣ್ಣದ ಗಟ್ಟಿ ಪದರ ಲೋಹವನ್ನು ಕಾಯುತ್ತದೆ, ಅದನ್ನು ಕೆರೆದರೆ ಬೆಲೆಯೂ ಸಾಕ್ಷ್ಯವೂ ಒಟ್ಟಿಗೆ ಹೋಗುತ್ತವೆ. ಬೆರಳಿಗೆ ಕೆಂಪು ಪುಡಿ ಅಂಟುವ ತುಕ್ಕನ್ನು ಮಾತ್ರ ತೆಗೆಯಬೇಕು. ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಅತಿ ನುಣುಪಿನ ಕಂಚಿನ ಉಣ್ಣೆಯಿಂದ ಮೆಲ್ಲಗೆ ಒರೆಸಿ, ಮುದ್ರೆಗಳ ಮೇಲೆ ಮಾತ್ರ ಬಟ್ಟೆಯನ್ನಷ್ಟೇ ಆಡಿಸಿ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ. ಹಿತ್ತಾಳೆಯನ್ನು ಬೆಳಗಬೇಡಿ. ಮರಕ್ಕೆ ಅಗಸೆ ಎಣ್ಣೆ ಸುರಿಯುವ ಹಳೆಯ ಅಭ್ಯಾಸವನ್ನೂ ಬಿಡಿ, ವರ್ಷಗಳಲ್ಲಿ ಅದು ಕಪ್ಪಾಗಿ ಅಂಟಾಗಿ ಧೂಳು ಹಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಕೆಲವೇ ದಿನಗಳಲ್ಲಿ ಬೆರಳಚ್ಚನ್ನು ತುಕ್ಕಾಗಿ ಮೂಡಿಸುತ್ತದೆ, ನೈಟ್ರೈಲ್ ಕೈಗವಸು ಹಾಕಿ. ಚರ್ಮದ ಚೀಲದಲ್ಲಿ ಇಡಬೇಡಿ, ಹದಮಾಡಿದ ಚರ್ಮದಲ್ಲಿನ ಆಮ್ಲ ಲೋಹವನ್ನು ತಿನ್ನುತ್ತದೆ. ಕೋಣೆಯ ತೇವಾಂಶ ಶೇ 45ರಿಂದ 55ರ ನಡುವೆ ಏರಿಳಿತವಿಲ್ಲದೆ ಇದ್ದರೆ ಲೋಹಕ್ಕೂ ಮರಕ್ಕೂ ಒಪ್ಪುತ್ತದೆ.

ಸದ್ಯಕ್ಕೆ ಮಾರ್ಟಿನಿಯನ್ನು ಖೈಬರ್ ನಕಲಿನ ಬೆಲೆಗೆ ಕೊಡುವುದಾದರೆ ಮಾತ್ರ ಯೋಚಿಸಿ. ಜಂಗಲ್ ಕಾರ್ಬೈನಿಗೆ ವ್ಯಾಪಾರಿಯಿಂದ ನಾಲ್ಕು ಚಿತ್ರ ತರಿಸಿ: ಮೇಲಿನ ಹೊದಿಕೆ ತೆಗೆದ ನಳಿಗೆಯ ಬುಡ, ಬೋಲ್ಟ್ ಹಿಡಿಕೆಯ ತುದಿ, ರಿಸೀವರ್‌ನ ಎಡಗೋಡೆ, ಫ್ಲ್ಯಾಶ್ ಹೈಡರ್‌ನ ಅಡಿಭಾಗ. ಹೊದಿಕೆ ತೆಗೆಯುವುದು ಗೊತ್ತಿರುವವರಿಗೆ ಕೆಲವು ನಿಮಿಷದ ಕೆಲಸ. ಬುಡದಲ್ಲಿ ಕೊರೆದ ತಗ್ಗು ಕಂಡರೆ ಬೆಲೆಯ ಮಾತಿಗೆ ಕೂರಿ. ಗಟ್ಟಿ ದಿಂಡು ಕಂಡರೆ, ಎಡಗೋಡೆಯ ಮೇಲೆ ಏನೇ ಬರೆದಿರಲಿ, ಅದು ಗಿಡ್ಡ ಮಾಡಿದ ನಂ. 4.